ಮೂರು ದಿನ ಅಂದಿದ್ದರು

ಮಾವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಜಗಳ ಶುರುವಾಯಿತು. ಅದೂ ಒಂದು ತಟ್ಟೆಯ ವಿಷಯಕ್ಕೆ.

"ಇದೇನಿದು?" ಅಂತ ಕೇಳಿದರು ಮಾವ. ಸ್ಟೀಲ್ ತಟ್ಟೆಯ ಅಂಚಿನಲ್ಲಿ ಉಗುರುಬಣ್ಣದ ಕೆಂಪು ಚುಕ್ಕೆಯೊಂದಿತ್ತು.

"ಗುರುತಿಗೆ ಇಟ್ಟಿದ್ದೀನಿ ಮಾವ. ಲೋಟಕ್ಕೂ ಇಟ್ಟಿದ್ದೀನಿ. ನಿಮ್ಮದನ್ನ ಬೇರೆಯವರು ಬಳಸೋದು ಬೇಡ ಅಂತ," ಅಂದಳು ಸೊಸೆ.

"ಮೂವತ್ತೊಂದು ವರ್ಷ ದಿನಕ್ಕೆ ನಾನೂರು ತಟ್ಟೆ ಬಡಿಸಿದವನಮ್ಮ ನಾನು. ಒಂದಕ್ಕೂ ಬೊಟ್ಟು ಇಟ್ಟಿರಲಿಲ್ಲ. ನನ್ನ ತಟ್ಟೆಗೆ ನೀನು ಇಟ್ಟೆ ನೋಡು."

ಮಾವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದರು. ಅಲ್ಲಿಯವರು ಅವರಿಗೆ ಇಟ್ಟ ಹೆಸರು 'ದೊಡ್ಡ ಸೌಟು'. ಕರೆಯುತ್ತಿದ್ದದ್ದು ಮಾತ್ರ ಬೆನ್ನ ಹಿಂದೆ. ನಿವೃತ್ತಿಯಾದ ಮಾರನೆಯ ಬೆಳಿಗ್ಗೆಯೇ ದೊಡ್ಡ ಸೌಟು ಮನೆಯ ಅಡುಗೆಮನೆಗೆ ಬಂದು ಠಿಕಾಣಿ ಹೂಡಿತು. ಅತ್ತೆ ತೀರಿಹೋಗಿ ಆಗಲೇ ಬಹಳ ವರ್ಷವಾಗಿತ್ತು, ಬೇಡ ಅನ್ನುವವರು ಯಾರೂ ಇರಲಿಲ್ಲ. ಆಮೇಲೆ ಮಗನಿಗೆ ಮದುವೆಯಾಯಿತು, ಸೊಸೆ ಬಂದಳು. ಬಂದವಳಿಗೆ ಒಲೆ ಕಂಡಿತೇ ಹೊರತು ದಕ್ಕಲಿಲ್ಲ.

ಏಳು ವರ್ಷ ಹಾಗೇ ಹೋಯಿತು. ಅವಳು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಗಾಜು ಕೂರಿಸುವುದರಲ್ಲಿ ಅವಳದೇ ಕೊನೆಯ ಮಾತು, ಮಾಲೀಕನೂ ಎದುರಾಡುತ್ತಿರಲಿಲ್ಲ. ಮನೆಗೆ ಬಂದರೆ ಒಂದು ಚಿಟಿಕೆ ಉಪ್ಪು ಹಾಕುವ ಅಧಿಕಾರವಿಲ್ಲ. ಚಾಕು ಹಿಡಿದರೆ ಮಾವ ಹಿಂದೆ ಬಂದು ನಿಲ್ಲುತ್ತಿದ್ದರು. "ಇದು ಆಲೂಗಡ್ಡೆ ಹೆಚ್ಚೋದಾ, ಆಲೂಗಡ್ಡೆಗೆ ಶಿಕ್ಷೆ ಕೊಡೋದಾ? ಕೊಡು ಇಲ್ಲಿ." ಚಾಕು ಅವರ ಕೈಗೆ ಹೋಗುತ್ತಿತ್ತು, ಪಾತ್ರೆ ತೊಳೆಯುವ ಕೆಲಸ ಮಾತ್ರ ಇವಳ ಪಾಲಿಗೆ ಉಳಿಯುತ್ತಿತ್ತು. ಪಾತ್ರೆ ತೊಳೆಯುವುದಕ್ಕೆ ಯಾವ ದೊಡ್ಡ ಸೌಟೂ ಪೈಪೋಟಿಗೆ ಬರುವುದಿಲ್ಲ.

ಹೀಗಿರುವಾಗ ಮಾವನ ಕುತ್ತಿಗೆಯಲ್ಲಿ ಗಂಟು ಕಂಡಿತು. ರಕ್ತಕಣದ ಕ್ಯಾನ್ಸರ್ ಅಂದರು. ಒಂದು ಸುತ್ತು ಔಷಧ ಕೊಟ್ಟರು, ಇಳಿಯಿತು. ವರ್ಷ ಕಳೆಯುವುದರೊಳಗೆ ಮತ್ತೆ ಎದ್ದಿತು. ಈಗ ಕೊಟ್ಟಿದ್ದು ಬೇರೆ ಬಗೆಯ ಇಂಜೆಕ್ಷನ್, ಒಂದೇ ಒಂದು. ಕೆಟ್ಟ ಕಣಗಳನ್ನು ಹುಡುಕಿಕೊಂಡು ಹೋಗುವ ಔಷಧ, ಅದರ ಬೆನ್ನಿಗೆ ಕಟ್ಟಿದ ಒಂದಿಷ್ಟು ವಿಕಿರಣ. "ವಿಳಾಸ ಬರೆದು ಪಟಾಕಿ ಕಳಿಸಿದ ಹಾಗೆ," ಅಂತ ಮಗ ವಿವರಿಸಿದ. ಅವನು ಲಿಫ್ಟ್ ರಿಪೇರಿಯವನು, ಎಲ್ಲವನ್ನೂ ಒಂದು ವಾಕ್ಯದಲ್ಲಿ ಮುಗಿಸಿ ಮುಂದಿನ ಕಟ್ಟಡಕ್ಕೆ ಹೋಗುವ ಅಭ್ಯಾಸ.

ಮನೆಗೆ ಕಳಿಸುವಾಗ ನರ್ಸ್ ಒಂದು ಕಾಗದ ಕೊಟ್ಟಿದ್ದಳು. ಮೂರು ದಿನ ಟವೆಲ್ ಬೇರೆ ಇರಲಿ, ಶೌಚಕ್ಕೆ ಹೋದ ಮೇಲೆ ಎರಡು ಸಲ ನೀರು ಬಿಡಿ, ಕೈ ಚೆನ್ನಾಗಿ ತೊಳೆಯಿರಿ, ಇಷ್ಟೇ. ಕಾಗದ ಸೊಸೆಯ ಕೈಚೀಲದಲ್ಲಿತ್ತು. ಆಸ್ಪತ್ರೆಯವರು ಬರೆದುಕೊಂಡದ್ದೂ ಅವಳ ಫೋನ್ ನಂಬರೇ. ಮಗ ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದಿದ್ದರೆ ಫೋನ್ ಸಿಗುವುದಿಲ್ಲ, ಮಾವ ಗುರುತಿಲ್ಲದ ನಂಬರು ಎತ್ತುವುದಿಲ್ಲ. ಹಾಗಾಗಿ ಆಸ್ಪತ್ರೆಯ ಪ್ರತಿಯೊಂದು ಮಾತೂ ಸೊಸೆಯ ಬಾಯಿಂದಲೇ ಮನೆಗೆ ಬರಬೇಕಾಗಿತ್ತು.

ತಟ್ಟೆಯ ಚುಕ್ಕೆ ಕಾಗದದಲ್ಲಿರಲಿಲ್ಲ. ಅದು ಹೆದರಿಕೆಯಿಂದ ಅವಳೇ ಸೇರಿಸಿದ್ದು. ಐದು ವರ್ಷದ ಮಗಳು ಪುಟ್ಟಿ ಇರುವ ಮನೆ, ಹೆದರಿದ್ದು ತಪ್ಪಲ್ಲ. ಮಾವ ಮುಂದಿನ ಕೋಣೆಯಲ್ಲಿ ಇದ್ದರು. ಅಡುಗೆಮನೆಗೆ ಬರಬೇಡಿ ಅಂದದ್ದೂ ಅವಳೇ.

ಮೊದಲನೆಯ ದಿನ ಅವಳು ಅನ್ನ ಬೇಳೆ ಮಾಡಿದಳು. ಎರಡನೆಯ ದಿನ ಡಬ್ಬಿಗಳನ್ನು ಕೆಳಗಿನ ಸಾಲಿಗೆ ಇಳಿಸಿದಳು. ಮಾವನ ಎತ್ತರಕ್ಕೆ ಇಟ್ಟಿದ್ದವು, ಏಳು ವರ್ಷ ಸ್ಟೂಲ್ ಹತ್ತಿ ತೆಗೆದಿದ್ದಳು. ಮೂರನೆಯ ದಿನ ಹುರುಳಿಕಾಯಿ ಮಾಡಿದಾಗ ಪುಟ್ಟಿ ತಟ್ಟೆ ಮುಂದೆ ಚಾಚಿ, "ಇನ್ನೊಂದು ಸ್ವಲ್ಪ," ಅಂದಳು. ಪುಟ್ಟಿ ಹುಟ್ಟಿದ ಮೇಲೆ ಹುರುಳಿಕಾಯಿಯನ್ನು ಎರಡನೆಯ ಸಲ ಕೇಳಿದ್ದು ಅದೇ ಮೊದಲು. ಸೊಸೆ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹುರುಳಿಕಾಯಿಗೆ ಯಾರಾದರೂ ಅಳುತ್ತಾರಾ ಅಂತ ಕೇಳಬೇಡಿ. ಏಳು ವರ್ಷ ಪಾತ್ರೆ ತೊಳೆದವರನ್ನು ಕೇಳಿ.

ನಾಲ್ಕನೆಯ ದಿನ ಅಂಗಡಿಯಿಂದ ನರ್ಸಿಗೆ ಫೋನ್ ಮಾಡಿದಳು.

"ಮೂರು ದಿನ ಮುಗೀತಲ್ಲ ತಾಯಿ, ಇನ್ನೇನೂ ಬೇಡ," ಅಂದಳು ನರ್ಸ್. "ಎಲ್ಲರ ಜೊತೆ ಕೂತು ಊಟ ಮಾಡಲಿ. ತಟ್ಟೆ ಬೇರೆ ಮಾಡಿದ್ದೇ ಬೇಕಿರಲಿಲ್ಲ. ಆದರೆ ವಾರಕ್ಕೊಂದು ಸಲ ರಕ್ತ ಪರೀಕ್ಷೆ ತಪ್ಪಿಸಬೇಡಿ. ಈ ಔಷಧದ ಪೆಟ್ಟು ಮೂಳೆಯ ಒಳಗಿನ ಮಜ್ಜೆಗೆ ತಡವಾಗಿ ಬೀಳುತ್ತೆ. ರಕ್ತ ತಯಾರಾಗೋದು ಅಲ್ಲೇ. ಆರು ಏಳು ವಾರಕ್ಕೆ ಕಣಗಳು ಇಳೀತಾವೆ. ಆವಾಗ ಹುಷಾರಾಗಿರಬೇಕು."

"ಹೂಂ," ಅಂದಳು ಸೊಸೆ. ಆರು ಏಳು ವಾರ ಅನ್ನುವುದು ಅವಳಿಗೆ ಬಹಳ ದೂರದಲ್ಲಿ ಕಂಡಿತು.

ಮನೆಗೆ ಬಂದಾಗ ಮಾವ ಬಾಗಿಲಲ್ಲೇ ನಿಂತಿದ್ದರು. "ಏನಂದರು? ಮುಗೀತಂತಾ?"

ಆಗಲೇ ಅವಳು ಆ ಮಾತು ಆಡಿದ್ದು. ಮುಂಚೆ ಯೋಚಿಸಿರಲಿಲ್ಲ ಅಂದರೆ ಅರ್ಧ ನಿಜ. ಟ್ಯಾಕ್ಸಿಯಿಂದ ಇಳಿದು ಮೆಟ್ಟಿಲು ಹತ್ತುವಷ್ಟು ಹೊತ್ತು ಯೋಚಿಸಿದ್ದಳು.

"ಒಂದು ತಿಂಗಳಂತೆ ಮಾವ. ನೀವು ಅಡುಗೆಗೆ ಕೈ ಹಾಕಬಾರದಂತೆ. ಪುಟ್ಟಿ ಹತ್ತಿರವೂ ಬೇಡವಂತೆ."

ಆ ಒಂದು ತಿಂಗಳು ಮನೆಯಲ್ಲಿ ನಡೆದದ್ದನ್ನು ಯುದ್ಧ ಅಂದರೆ ದೊಡ್ಡ ಮಾತಾಗುತ್ತದೆ, ಆದರೆ ಶಾಂತಿಯಂತೂ ಇರಲಿಲ್ಲ. ಮಾವ ಕೋಣೆಯ ಬಾಗಿಲು ತೆರೆದಿಟ್ಟು ಕುರ್ಚಿ ಹಾಕಿಕೊಂಡು ಕೂತರು. ಅಲ್ಲಿಂದ ಅಡುಗೆಮನೆ ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು.

"ಅಷ್ಟೊತ್ತು ತೊಳೆದರೆ ಅಕ್ಕಿ ಏನಾಗುತ್ತೆ, ಬಟ್ಟೇನಾ ಅದು?"

"ನಿಮ್ಮ ಪಾಡಿಗೆ ನೀವು ಇರಿ ಮಾವ."

"ನನ್ನ ಪಾಡಿಗೆ ಇರೋಕೆ ನನಗೆ ಪಾಡು ಎಲ್ಲಿ ಬಿಟ್ಟಿದ್ದೀಯ?"

ಊಟ ತಂದು ಹೊಸ್ತಿಲ ಬಳಿ ಸ್ಟೂಲಿನ ಮೇಲೆ ಇಡುತ್ತಿದ್ದಳು. ಮಾವ ಒಂದು ತುತ್ತು ತಿಂದು, ಅಗಿದು, ತಟ್ಟೆಯನ್ನೇ ನೋಡುತ್ತಾ, "ಕ್ಯಾಂಟೀನಲ್ಲಿ ಇದನ್ನ ಬಡಿಸಿದ್ದರೆ ಸ್ಟ್ರೈಕ್ ಆಗ್ತಿತ್ತು," ಅನ್ನುತ್ತಿದ್ದರು. ಆದರೂ ತಟ್ಟೆ ಖಾಲಿಯಾಗುತ್ತಿತ್ತು. ಅದೇ ಅವಳಿಗೆ ಇನ್ನೂ ಉರಿಸುತ್ತಿತ್ತು.

ಎರಡು ಬೀದಿ ಆಚೆ ಇದ್ದ ನಾದಿನಿ ದಿನ ಬಿಟ್ಟು ದಿನ ಬರುತ್ತಿದ್ದಳು. ಸೊಸೆಯ ಗಂಡನಿಗೆ ಅಕ್ಕ, ಬಾಯಂತೂ ಮನೆಗೆಲ್ಲ ದೊಡ್ಡದು.

"ನಮ್ಮಪ್ಪನಿಗೆ ನಾಯಿಗಿಟ್ಟ ಹಾಗೆ ಬಾಗಿಲಲ್ಲಿ ಇಡ್ತೀಯಲ್ಲ ಊಟಾನ."

"ಆಸ್ಪತ್ರೆಯವರು ಹೇಳಿದ್ದು ಅಕ್ಕ. ಬೇಕಾದರೆ ನಿಮ್ಮನೆಗೆ ಕರ್ಕೊಂಡು ಹೋಗಿ ಇಟ್ಕೊಳ್ಳಿ."

ಆ ಮಾತಿಗೆ ನಾದಿನಿ ತಣ್ಣಗಾಗುತ್ತಿದ್ದಳು. ಅವಳ ಮನೆಯಲ್ಲಿ ಅವಳಿ ಮಕ್ಕಳು, ಎರಡು ಕೋಣೆ, ಮೇಲಾಗಿ ವಿಕಿರಣದ ಹೆದರಿಕೆ. ತಮ್ಮನ ಕಡೆ ತಿರುಗಿ, "ನೀನಾದರೂ ಒಂದು ಮಾತು ಹೇಳಬಾರದಾ," ಅನ್ನುತ್ತಿದ್ದಳು. ತಮ್ಮ ಕೈಯಲ್ಲಿನ ಸ್ಪ್ಯಾನರ್ ಒರೆಸುತ್ತಾ, "ಡಾಕ್ಟರ್ ಹೇಳಿದ ಮೇಲೆ ನಾವೇನು ಮಾಡೋಕಾಗುತ್ತೆ," ಅನ್ನುತ್ತಿದ್ದ.

ಮಾವ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಿದ್ದರು. ತಿಂಗಳು ತುಂಬಿದ ಬೆಳಿಗ್ಗೆ ಸ್ನಾನ ಮಾಡಿ, ಹಳೆಯ ಏಪ್ರನ್ ಕಟ್ಟಿಕೊಂಡು, ಕ್ಯಾಂಟೀನಿನ ಶಿಫ್ಟಿಗೆ ಬಂದವರ ಹಾಗೆ ಅಡುಗೆಮನೆಯೊಳಗೆ ನಡೆದು ಬಂದರು. ಚುಕ್ಕೆಯಿದ್ದ ತಟ್ಟೆ ಲೋಟ ಎರಡನ್ನೂ ಕಸದ ಬುಟ್ಟಿಗೆ ಹಾಕಿದರು.

"ಡಬ್ಬಿಗಳು ಯಾಕೆ ಇಲ್ಲಿಗೆ ಬಂದವು?"

"ನನ್ನ ಕೈಗೆ ಸಿಗಲಿ ಅಂತ."

"ನಿನ್ನ ಕೈಗೆ ಇನ್ನೇನೂ ಸಿಗೋದು ಬೇಕಿಲ್ಲ. ಕೇಳಿಸ್ಕೋ. ಇನ್ನು ಇಲ್ಲಿಂದ ಹೊರಗೆ ಹೋಗೋದು ನನ್ನ ಹೆಣವೇ. ನಾನು ಬದುಕಿರೋವರೆಗೂ ಯಾವ ಆಸ್ಪತ್ರೆಯವರು ಏನೇ ಹೇಳಲಿ, ಒಂದು ದಿನವೂ ನಾನು ಬೇರೆ ಕೂರೋದಿಲ್ಲ."

ಅವತ್ತು ಅವರು ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೇ ತಟ್ಟೆಯಲ್ಲಿ ಉಂಡರು. ಬೇಕೆಂದೇ, ಸೊಸೆಗೆ ಎದುರಾಗಿ ಕೂತು. ಅವಳು ಪಾತ್ರೆ ತೊಳೆದಳು.

ಐದನೆಯ ವಾರದ ರಕ್ತದಲ್ಲಿ ಕಣಗಳು ಸ್ವಲ್ಪ ಇಳಿದಿದ್ದವು. ಆರನೆಯ ವಾರ ಇನ್ನಷ್ಟು ಇಳಿದವು. ಏಳನೆಯ ವಾರ ನರ್ಸ್ ಅಂಗಡಿಗೇ ಫೋನ್ ಮಾಡಿದಳು, ದನಿ ಬದಲಾಗಿತ್ತು.

"ಬಿಳಿ ರಕ್ತಕಣ ಒಂಬೈನೂರಕ್ಕೆ ಬಂದಿದೆ. ಪ್ಲೇಟ್‌ಲೆಟ್ ಹದಿನೆಂಟು ಸಾವಿರ. ಮಜ್ಜೆ ಮಲಗಿಬಿಟ್ಟಿದೆ ಅಂತಿಟ್ಕೊಳ್ಳಿ. ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೆ ತಾನೇ ಏಳುತ್ತೆ, ಅಲ್ಲಿವರೆಗೆ ಅವರನ್ನ ಕಾಪಾಡೋದು ನಿಮ್ಮ ಕೆಲಸ. ಕೆಮ್ಮು ನೆಗಡಿ ಇರೋರು ಹತ್ತಿರ ಹೋಗಬಾರದು. ಚಾಕು ಮುಟ್ಟಬಾರದು. ಮೈಯಲ್ಲಿ ರಕ್ತ ನಿಲ್ಲಿಸೋ ಶಕ್ತಿ ಇಲ್ಲ, ರೋಗ ತಡೆಯೋ ಶಕ್ತಿಯೂ ಇಲ್ಲ. ಜ್ವರ ನೂರು ದಾಟಿದರೆ ಗಡಿಯಾರ ನೋಡದೆ ಕರ್ಕೊಂಡು ಬನ್ನಿ. ಬೇರೆ ಕೋಣೇಲಿ ಇಟ್ಟರೆ ಒಳ್ಳೇದು."

ಬೇರೆ ಕೋಣೆ. ಸೊಸೆ ಕೈಯಲ್ಲಿದ್ದ ಕನ್ನಡಕದ ಫ್ರೇಮನ್ನು ಕೆಳಗಿಟ್ಟಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಗಾದೆ ಇದೆಯಲ್ಲ, ಇವಳದು ಇನ್ನೂ ಒಂದು ಕೈ ಮೇಲೆ. ಶತ್ರು ಬರುವ ಮುಂಚೆ ಒಂದು ತಿಂಗಳು ಬಾಗಿಲು ಹಾಕಿದ್ದಳು. ಈಗ ಶತ್ರು ಬಂದಿದ್ದಾನೆ, ಬಾಗಿಲು ಹಾಕಲು ಮಾವ ಬಿಡುವುದಿಲ್ಲ.

ಅವರು ಬಿಡಲೂ ಇಲ್ಲ. ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಸೌಟು ಕೆಳಗಿಡದೆ ನಕ್ಕರು.

"ಮತ್ತೆ ಶುರುವಾಯ್ತಾ? ಹೋದ ಸಲ ನನ್ನಿಂದ ನಿಮಗೆ ವಿಷ. ಈಗ ನಿಮ್ಮಿಂದ ನನಗೆ ವಿಷ. ಭಲೇ."

"ಬೇಕಾದರೆ ನೀವೇ ಮಾತಾಡಿ ಮಾವ. ಇಗೋ ಫೋನು."

"ಏನು ಮಾತಾಡೋದು? ಹೆದರಿಸೋದೇ ಅವರ ಕಸುಬು. ತಿಂಗಳು ದೂರ ಇಡಿ ಅಂದರು. ನಾನು ಬಂದು ಪುಟ್ಟಿ ತಟ್ಟೇಲೇ ಉಂಡೆ, ಯಾರಿಗೇನಾಯ್ತು? ಒಂದು ಸಲ ನಂಬಿ ಕೆಟ್ಟೆ. ಇನ್ನು ಅವರಪ್ಪ ಬಂದು ಹೇಳಿದರೂ ನಂಬಲ್ಲ."

ಗಂಡನಿಗೆ ಹೇಳಿದಳು. "ಅಪ್ಪ ಕೇಳೋ ಗಿರಾಕಿ ಅಲ್ಲ, ನಿನಗೂ ಗೊತ್ತು. ಎರಡು ದಿನ ಬಿಟ್ಟು ನೋಡೋಣ," ಅಂದ ಅವನು. ಯಾವುದನ್ನೇ ಆಗಲಿ ಎರಡು ದಿನ ಬಿಟ್ಟು ನೋಡುವ ಮನುಷ್ಯ ಲಿಫ್ಟ್ ಮಾತ್ರ ಎರಡು ಗಂಟೆಯಲ್ಲಿ ಸರಿ ಮಾಡುತ್ತಿದ್ದ. ಅವಳು ಚಾಕುಗಳನ್ನು ಬಚ್ಚಿಟ್ಟಳು. ಮಾವ ಹೊಸದು ತಂದರು. ಪುಟ್ಟಿಯನ್ನು ತಾತನ ಹತ್ತಿರ ಹೋಗಬೇಡ ಅಂದಳು. ಪುಟ್ಟಿ ಅದನ್ನು ಹೋಗಿ ತಾತನಿಗೇ ಹೇಳಿದಳು. "ಮಗೂನೂ ಕಿತ್ಕೋತಿದ್ದಾಳೆ," ಅಂತ ಮಾವ ಬೀದಿಗೆ ಕೇಳುವ ಹಾಗೆ ಅಂದರು.

ಎಂಟನೆಯ ವಾರ ಪುಟ್ಟಿ ಶಾಲೆಯಿಂದ ಕೆಮ್ಮು ತಂದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ನಾದಿನಿಯೂ ಬಂದಿದ್ದಳು. ಮಾವ ಈರುಳ್ಳಿ ಹೆಚ್ಚುತ್ತಿದ್ದರು, ಅವರ ಸೊಂಟಕ್ಕೆ ಒರಗಿ ಪುಟ್ಟಿ ಕೆಮ್ಮುತ್ತಾ ನಿಂತಿದ್ದಳು. ಚಾಕು ಜಾರಿ ಮಾವನ ಹೆಬ್ಬೆರಳಿಗೆ ತಾಗಿತು. ಸಣ್ಣ ಗಾಯ. ಅಡುಗೆಯವರ ಲೆಕ್ಕದಲ್ಲಿ ಗಾಯವೇ ಅಲ್ಲ. ಬಟ್ಟೆ ಸುತ್ತಿಕೊಂಡು ಮುಂದುವರಿಸಿದರು. ಬಟ್ಟೆ ಒದ್ದೆಯಾಯಿತು. ಇನ್ನೊಂದು ಸುತ್ತಿದರು, ಅದೂ ಒದ್ದೆಯಾಯಿತು. ಏಪ್ರನ್ನಿನ ಮೇಲೆ, ಹೆಚ್ಚುವ ಮಣೆಯ ಮೇಲೆ ಕೆಂಪು. ತೋಳು ಮಡಚಿದಾಗ ಕಂಡಿತು, ಮೊಣಕೈವರೆಗೆ ಸಾಸಿವೆಯಷ್ಟು ಸಾಸಿವೆಯಷ್ಟು ಕೆಂಪು ಚುಕ್ಕೆಗಳು, ಯಾವುದೂ ಗಾಯವಲ್ಲ, ತಾವಾಗಿಯೇ ಎದ್ದವು.

ಸೊಸೆ ಪುಟ್ಟಿಯ ರಟ್ಟೆ ಹಿಡಿದು ಈಚೆಗೆ ಎಳೆದಳು. "ನಿನಗೆ ಎಷ್ಟು ಸಲ ಹೇಳಿದ್ದೀನಿ."

"ನೋಡು, ಶುರುವಾಯ್ತು ಇವಳ ಆಟ," ಅಂದಳು ನಾದಿನಿ.

"ಮಾವ, ಚಾಕು ಕೆಳಗಿಡಿ. ಕೈ ಮುಗೀತೀನಿ. ಆಸ್ಪತ್ರೆಯವರು ಹೇಳಿದ್ದಾರೆ."

"ಆಸ್ಪತ್ರೆಯವರು ಹೇಳಿದ್ದಾರೆ, ಆಸ್ಪತ್ರೆಯವರು ಹೇಳಿದ್ದಾರೆ," ಅಂದರು ಮಾವ. ಅವರ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಅವರು ಹೇಳಿದ್ದಕ್ಕೇ ಅಲ್ವಾ ನಾನು ಒಂದು ತಿಂಗಳು ಆ ಕೋಣೇಲಿ ಕೊಳೆತದ್ದು? ಅವರ ಮಾತಿಗೆ ಎಷ್ಟು ಬೆಲೆ ಅಂತ ನೋಡಿದೆನಲ್ಲ."

ಸೊಸೆಗೆ ಆಗ ತಿಳಿಯಿತು, ಈ ಮಾತು ಇವತ್ತು ಹೇಳದಿದ್ದರೆ ಇನ್ನು ಕೇಳಿಸಿಕೊಳ್ಳುವುದಕ್ಕೆ ಮಾವನೇ ಇರುವುದಿಲ್ಲ ಅಂತ. ಗಂಡನ ಮುಖ ನೋಡಿದಳು, ಅವನು ಬೇರೆಲ್ಲೋ ನೋಡುತ್ತಿದ್ದ.

"ಅವರು ಹಾಗೆ ಹೇಳಿರಲಿಲ್ಲ," ಅಂದಳು.

"ಏನು ಹೇಳಿರಲಿಲ್ಲ?"

"ತಿಂಗಳು ಅಂತ. ಮೂರು ದಿನ ಅಂದಿದ್ದರು. ತಿಂಗಳು ಅಂದದ್ದು ನಾನು."

"ಏನು ಮಾತಾಡ್ತಿದ್ದೀಯ ನೀನು?" ಅಂದ ಗಂಡ. ಈಗ ಅವನು ಇವಳ ಕಡೆ ನೋಡಿದ.

"ನಾಲ್ಕನೇ ದಿನ ಫೋನ್ ಮಾಡಿ ಕೇಳಿದೆ. ಮುಗೀತು, ಎಲ್ಲರ ಜೊತೆ ಕೂತು ಉಣ್ಣಲಿ ಅಂದರು. ನಾನೇ ಬಂದು ಸುಳ್ಳು ಹೇಳಿದೆ."

"ಕೇಳಿಸ್ಕೊಂಡ್ಯಾ?" ನಾದಿನಿ ತಮ್ಮನ ಭುಜ ಅಲುಗಿಸಿದಳು. "ನಾನು ಬಡ್ಕೊಂಡೆ. ಅವತ್ತಿಂದ ಬಡ್ಕೊಂಡೆ. ಇಂಥವಳನ್ನ ಮನೇಲಿ ಇಟ್ಕೊಂಡು..."

"ನೀನು ಸುಮ್ಮನಿರು," ಅಂದರು ಮಾವ ಮಗಳಿಗೆ. ಸೊಸೆಯ ಕಡೆ ತಿರುಗಿದರು. "ಯಾಕೆ?"

"ಅಡುಗೆಮನೆ ಬೇಕಿತ್ತು."

"ಕೇಳಿದ್ದರೆ ಕೊಡ್ತಿದ್ದೆನಲ್ಲ."

"ಏಳು ವರ್ಷ ಕೇಳಿದೆ ಮಾವ. ನಗ್ತಾ ಕೇಳಿದೆ, ಅತ್ತೂ ಕೇಳಿದೆ. ನಾನು ಕೇಳೋದು ಮುಗಿಯೋಕೂ ಮುಂಚೆ ಈರುಳ್ಳಿ ದಪ್ಪ ಆಯ್ತು ಅಂದಿರಿ." ಒಗೆದ ಬಟ್ಟೆಯೊಂದನ್ನು ಅವರ ಮುಂದೆ ಚಾಚಿದಳು. "ನನಗೆ ಏನು ಬೇಕಾದರೂ ಅನ್ನಿ. ಹೋಗು ಅಂದರೆ ಹೋಗ್ತೀನಿ. ಸುಳ್ಳು ಹೇಳಿದವಳು ನಾನು, ಅವರಲ್ಲ. ಅವರು ಒಂದು ಸಲವೂ ಸುಳ್ಳು ಹೇಳಿಲ್ಲ. ಈಗ ಹೇಳ್ತಿರೋದೂ ನಿಜ. ನನ್ನ ಮೇಲಿನ ಸಿಟ್ಟಿಗೆ ನೀವು ಸಾಯಬೇಡಿ."

ಮಾವ ಕೈಗೆ ಸುತ್ತಿದ್ದ ಬಟ್ಟೆಯನ್ನು ನೋಡಿದರು. ಆಮೇಲೆ ಒಂದೇ ಕೈಯಲ್ಲಿ ಏಪ್ರನ್ನಿನ ಗಂಟು ಬಿಚ್ಚಲು ಹೋದರು, ಬರಲಿಲ್ಲ. ಮಗ ಬಂದು ಬಿಚ್ಚಿದ.

"ನಂಬರು ಕೊಡು," ಅಂದರು. "ನಾನೇ ಕೇಳ್ತೀನಿ. ನಿನ್ನ ಬಾಯಿಂದ ಬಂದದ್ದು ಇನ್ನು ನನಗೆ ಬೇಡ."

ತಮ್ಮ ಫೋನಿನಿಂದಲೇ ಮಾಡಿದರು. ಐದು ನಿಮಿಷ ಕೇಳಿಸಿಕೊಂಡರು. ಗಾಯ ಒತ್ತಿ ಹಿಡಿಯಿರಿ, ಅರ್ಧ ಗಂಟೆಯಲ್ಲಿ ನಿಲ್ಲದಿದ್ದರೆ ಈಗಲೇ ಬನ್ನಿ, ನಿಂತರೆ ಬೆಳಿಗ್ಗೆ ಬನ್ನಿ, ಪ್ಲೇಟ್‌ಲೆಟ್ ಹಾಕಬೇಕು ಅಂತ ಆ ಕಡೆಯಿಂದ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಮಾವ ಫೋನ್ ಜೇಬಿಗೆ ಹಾಕಿಕೊಂಡು ಮುಂದಿನ ಕೋಣೆಗೆ ತಾವಾಗಿಯೇ ನಡೆದರು. ಬಾಗಿಲು ಹಾಕುವ ಮುಂಚೆ ಒಂದು ಮಾತು ಅಂದರು.

"ಮೂರು ದಿನ ಅಂದಿದ್ದರಂತೆ. ಇಪ್ಪತ್ತೇಳು ದಿನ ನಿನ್ನ ಕೈಯಿಂದ ಅನುಭವಿಸಿದೆ. ನಿನ್ನ ಮುಖ ನನಗೆ ತೋರಿಸಬೇಡ."

ರಕ್ತ ನಿಂತಿತು, ಬೆಳಿಗ್ಗೆ ಮಗ ಕರೆದೊಯ್ದು ಪ್ಲೇಟ್‌ಲೆಟ್ ಹಾಕಿಸಿದ. ಎರಡು ದಿನ ನಾದಿನಿ ಊಟ ತಂದಳು. ಮೂರನೆಯ ದಿನ ಅವಳ ಅವಳಿ ಮಕ್ಕಳಿಗೂ ಕೆಮ್ಮು ಹತ್ತಿತು, ಅವಳ ಮನೆಯಿಂದ ಊಟ ಬರುವುದು ನಿಂತಿತು. ಸೊಸೆ ಗಂಜಿ ಮಾಡಿ, ಮುಚ್ಚಿ, ಸ್ಟೂಲಿನ ಮೇಲಿಟ್ಟು ಬಾಗಿಲು ಬಡಿದು ಸರಿದುಹೋಗುತ್ತಿದ್ದಳು. ಮಾವ ಅವಳ ಹೆಜ್ಜೆ ದೂರವಾದ ಮೇಲೆ ಬಾಗಿಲು ತೆರೆಯುತ್ತಿದ್ದರು. ಗಂಡ ಅವಳ ಜೊತೆ ಮಾತು ಬಿಟ್ಟಿದ್ದ. ಪುಟ್ಟಿ ಮಾತ್ರ, "ನೀನು ಯಾಕೆ ಸುಳ್ಳು ಹೇಳಿದ್ದು? ನನಗೆ ಹೇಳಬಾರದು ಅಂತೀಯ," ಅಂತ ದಿನಕ್ಕೊಂದು ಸಲ ಕೇಳುತ್ತಿದ್ದಳು.

ಶುಕ್ರವಾರ ಅವಳು ಅಂಗಡಿಯಿಂದ ಬಂದಾಗ ಕೋಣೆಯ ಬಾಗಿಲು ತೆರೆದಿತ್ತು. ಮಾವ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದರು, ಹಲ್ಲು ಕಟಕಟ ಅನ್ನುತ್ತಿತ್ತು. ಥರ್ಮಾಮೀಟರನ್ನು ಅವಳ ಕಡೆ ಚಾಚಿದರು.

"ನೂರಾ ಒಂದು. ನೀನೇ ನೋಡು. ಆಮೇಲೆ ನಾನು ಸುಳ್ಳು ಹೇಳಿದೆ ಅನ್ನಬೇಡ."

ಗಂಡನ ಫೋನ್ ಸಿಗಲಿಲ್ಲ, ಯಾವುದೋ ಗುಂಡಿಯಲ್ಲಿದ್ದ. ಅವಳೇ ಟ್ಯಾಕ್ಸಿ ತಂದಳು. ಮಾವ ಡ್ರೈವರ್ ಪಕ್ಕ ಕೂತರು, ಅವಳು ಹಿಂದೆ ಕೂತಳು. ದಾರಿಯುದ್ದಕ್ಕೂ ಅವರ ತಲೆ ಅತ್ತಿತ್ತ ವಾಲುತ್ತಿತ್ತು. ಅವಳು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವರು ಬಿಡಿಸಿಕೊಳ್ಳಲಿಲ್ಲ, ಬಿಡಿಸಿಕೊಳ್ಳುವ ಶಕ್ತಿಯೂ ಇರಲಿಲ್ಲ.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಮೊದಲ ನಾಲ್ಕು ದಿನ ಏನೂ ಹೇಳಲಾಗದು ಅಂದರು ಡಾಕ್ಟರು. ಸೊಸೆ ಎರಡು ಹೊತ್ತೂ ಮೆತ್ತಗೆ ಬೇಯಿಸಿದ ಊಟ ಒಯ್ದಳು, ಕೈ ತೊಳೆದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಬಾಗಿಲಾಚೆ ನಿಂತಳು. ಐದನೆಯ ದಿನ ಮಾವನಿಗೆ ಮಾತು ಬಂತು. ಮೊದಲ ಮಾತಿಗೇ ನರ್ಸನ್ನು ಹಿಡಿದರು.

"ಮೂರು ದಿನ ಅಂತ ಹೇಳಿದ್ದು ನೀವೇನಾ ತಾಯಿ?"

"ಹೌದು, ನಾನೇ. ಯಾಕೆ, ಯಾರಾದರೂ ಬೇರೆ ಹೇಳಿದರಾ?"

"ಅಗೋ ಬಾಗಿಲಲ್ಲಿ ನಿಂತಿದ್ದಾಳಲ್ಲ, ಅವಳನ್ನೇ ಕೇಳಿ."

ನರ್ಸ್ ತಿರುಗಿ ನೋಡಿದಳು. ಪಕ್ಕದ ಹಾಸಿಗೆಯವರ ಕಡೆಯವರೂ ನೋಡಿದರು. ಸೊಸೆ ಇದ್ದದ್ದನ್ನು ಇದ್ದಂತೆ ಹೇಳಿದಳು, ನಿಂತಲ್ಲೇ, ಎಲ್ಲರಿಗೂ ಕೇಳುವ ಹಾಗೆ. ಹೇಳಿ ಮುಗಿಸಿ ಊಟದ ಡಬ್ಬಿ ಕೊಟ್ಟಳು. ಮಾವ ಉಂಡು, "ಉಪ್ಪು ಕಮ್ಮಿ," ಅಂದರು.

ಬಿಡುಗಡೆಯ ದಿನ ನಾದಿನಿ ಆಸ್ಪತ್ರೆಯ ಬಾಗಿಲಿಗೇ ಬಂದಳು. "ಅಪ್ಪ, ನನ್ನ ಮನೆಗೆ ನಡಿ. ಅವಳ ಕೈಲಿ ಮತ್ತೆ ಸಿಕ್ಕಿ ಬೀಳಬೇಡ. ಎಂಥ ಸುಳ್ಳುಬುರುಕಿ ಅಂತ ನೋಡಿದ್ಯಲ್ಲ."

"ಅದಕ್ಕೇ ಅವಳ ಹತ್ತಿರ ಇರ್ತೀನಿ ಅನ್ನೋದು," ಅಂದರು ಮಾವ. "ಒಂದು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಾಳೆ. ಇನ್ನು ಜನ್ಮವಿಡೀ ನಿಜ ಹೇಳ್ತಾಳೆ. ನೀನಿನ್ನೂ ಸಿಕ್ಕಿಬಿದ್ದಿಲ್ಲ."

ಹಾಗಂತ ಕ್ಷಮಿಸಿದರು ಅಂದುಕೊಳ್ಳಬೇಡಿ. ಆಸ್ಪತ್ರೆಯ ಪುಸ್ತಕದಲ್ಲಿ ಸೊಸೆಯ ನಂಬರು ಹೊಡೆದುಹಾಕಿಸಿ ತಮ್ಮದನ್ನು ಬರೆಸಿದರು. ಮನೆಗೆ ಬಂದು ನೇರ ಕೋಣೆ ಸೇರಿದರು, ಅಡುಗೆಮನೆಯ ಕಡೆ ತಲೆ ಹಾಕಲಿಲ್ಲ. "ಉಪ್ಪು ನೋಡ್ತೀರಾ ಮಾವ?" ಅಂತ ಅವಳೇ ಒಂದು ಸಲ ಬಾಗಿಲಲ್ಲಿ ನಿಂತು ಕೇಳಿದಳು. "ನಿನ್ನ ಅಡುಗೆಮನೆ, ನಿನ್ನ ಉಪ್ಪು," ಅಂದರು ಅವರು. ಏಳು ವರ್ಷ ಬೇಡಿದ್ದು ಪೂರ್ತಿ ಅವಳ ಕೈಗೆ ಬಂದಿತ್ತು. ಅದರಲ್ಲಿ ಅವಳು ಅನ್ನ ಬೇಯಿಸುತ್ತಿದ್ದಳು, ಹುರುಳಿಕಾಯಿ ಹೆಚ್ಚುತ್ತಿದ್ದಳು, ಒಂದು ತುತ್ತೂ ರುಚಿಸುತ್ತಿರಲಿಲ್ಲ.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಒಂದು ಮಾತು ಹೇಳಿದ್ದರು. ಬರುವ ಮಂಗಳವಾರದ ರಕ್ತದಲ್ಲಿ ಕಣಗಳು ಏರದಿದ್ದರೆ ಮಜ್ಜೆ ಏಳುತ್ತಿಲ್ಲ ಅಂತ ಅರ್ಥ. ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಬೇಕು. ಆಮೇಲಿನ ಮಾತು ಆಮೇಲೆ. ಆ 'ಆಮೇಲೆ' ಏನು ಅಂತ ಯಾರೂ ಕೇಳಿರಲಿಲ್ಲ.

ಮಂಗಳವಾರ ಅವಳು ಅಂಗಡಿಗೆ ರಜೆ ಹಾಕಿದಳು. ಒಲೆಯ ಮೇಲೆ ಅನ್ನ ಇಟ್ಟಿದ್ದಾಗ ಮಾವನ ಫೋನು ರಿಂಗಾಯಿತು. ಅವಳು ಕೋಣೆಯ ಬಾಗಿಲಿಗೆ ಬಂದು ನಿಂತಳು. ಮಾವ, "ಹೂಂ. ಹೂಂ. ಸರಿ ತಾಯಿ," ಅಂದು ಫೋನ್ ಮಡಿಲಲ್ಲಿ ಇಟ್ಟುಕೊಂಡರು. ಮುಖದಲ್ಲಿ ಏನೂ ಇರಲಿಲ್ಲ.

"ಎಷ್ಟಂತೆ ಮಾವ?"

ಮಾವ ಅವಳನ್ನು ತಲೆಯಿಂದ ಪಾದದವರೆಗೆ ನೋಡಿದರು.

"ಒಂದು ತಿಂಗಳು ಆಗಲಿ, ಹೇಳ್ತೀನಿ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಫೋನು ಕಿತ್ತುಕೊಳ್ಳಬೇಕು ಅನಿಸಿತು, ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು. ಎರಡೂ ಮಾಡದೆ ಹೊಸ್ತಿಲ ಮೇಲೆ ಕೂತಳು.

"ಸರಿ. ಕಾಯ್ತೀನಿ."

"ಕೆಲಸ ಇಲ್ವಾ ನಿನಗೆ?"

"ಇಲ್ಲ."

ಮಾವ ಕಿಟಕಿ ನೋಡಿದರು, ಅವಳು ಅವರನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಮಾವನ ಮೂಗು ಅರಳಿತು.

"ಅನ್ನ ತಳ ಹಿಡೀತಿದೆ."

"ಹಿಡೀಲಿ."

"ಸೀದು ಹೋಗುತ್ತೆ ಅಂದೆ."

"ಹೋಗಲಿ ಮಾವ."

ವಾಸನೆ ಕೋಣೆಯ ತುಂಬ ಬಂತು. ಮಾವ ಕುರ್ಚಿಯಲ್ಲಿ ಆ ಕಡೆ ಹೊರಳಿದರು, ಈ ಕಡೆ ಹೊರಳಿದರು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಅನ್ನ ಸೀಯಲು ಬಿಟ್ಟವರಲ್ಲ. ಏಳಲು ನೋಡಿದರು, ಬಾಗಿಲಿಗೆ ಅಡ್ಡವಾಗಿ ಅವಳು ಕೂತಿದ್ದಳು.

"ಪ್ಲೇಟ್‌ಲೆಟ್ ಎಂಬತ್ತು ಸಾವಿರ," ಅಂದರು ಕೊನೆಗೆ, ಹಲ್ಲು ಕಚ್ಚಿಕೊಂಡು. "ಬಿಳಿ ರಕ್ತಕಣ ಮೂರು ಸಾವಿರ. ಮಜ್ಜೆ ಎದ್ದಿದೆಯಂತೆ, ಸೂಜಿ ಬೇಡವಂತೆ. ಏಳು, ದರಿದ್ರದವಳೆ, ಒಲೆ ಆರಿಸು."

ಅವಳು ಎದ್ದಳು. ಅಡುಗೆಮನೆಗೆ ಹೋಗಿ ಒಲೆ ಆರಿಸಿ, ಕಟ್ಟೆ ಹಿಡಿದು ನಿಂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಮೇಲಿನ ಒಳ್ಳೆಯ ಅನ್ನವನ್ನು ತೆಗೆದು ಮಾವನಿಗೆ ಬಡಿಸಿ ಕೊಟ್ಟಳು. ಅವರು ಸೀದ ವಾಸನೆ ಅಂತ ಬೈಯುತ್ತಲೇ ಉಂಡರು. ತಳದ್ದನ್ನು ಕೆರೆದುಕೊಂಡು ಅವಳು ತಿಂದಳು.